ಉಕ್ಕಿನದೆಂದು ಮಾರುವ ಕ್ರ್ಯಾಂಕ್‌ಶಾಫ್ಟ್ ಎರಕದ ಕಬ್ಬಿಣದ್ದಾಗಿರಬಹುದು: ಕೊಳ್ಳುವ ಮುನ್ನ ಪರೀಕ್ಷಿಸಿ

ಹಳೆಯ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವವರು, ಅದರಲ್ಲೂ ಮೂಲದಲ್ಲಿ ಇದ್ದುದಕ್ಕಿಂತ ಹೆಚ್ಚಿನ ಶಕ್ತಿಗೆ ಅದನ್ನು ಸಜ್ಜುಗೊಳಿಸುವವರು, ಬಳಸಿದ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳ ಚಲನೆಯನ್ನು ತಿರುಗುವಿಕೆಯಾಗಿಸುವ ದಂಡ) ಕೊಳ್ಳುವ ಮೊದಲು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಡೈಗಳ ನಡುವೆ ಒತ್ತಿ ರೂಪಿಸಿದ, ಉಕ್ಕಿನದೆಂದು ಬರಹದಲ್ಲಿಯೇ ಭರವಸೆ ಕೊಟ್ಟು ನಮಗೆ ಮಾರಿದ ಶಾಫ್ಟ್ ಎರಕದ ಕಬ್ಬಿಣದ್ದಾಗಿತ್ತು. ಅದು ತುಂಡಾಗುವಾಗ ಎಂಜಿನ್‌ನ ಬ್ಲಾಕನ್ನೂ ಎರಡು ಕನೆಕ್ಟಿಂಗ್ ರಾಡ್‌ಗಳನ್ನೂ ಜೊತೆಗೆ ಹಾಳುಮಾಡಿತು. ಮಾರಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಅವರು ಮುಂದಿಟ್ಟ ಪುರಾವೆಗಳನ್ನೇ ಬೇರೆಯವರೂ ಮುಂದಿಡುತ್ತಾರೆ. ಆ ಪುರಾವೆಗಳು ಏಕೆ ಪುರಾವೆಗಳಲ್ಲ ಎಂಬುದನ್ನು ತಿಳಿಸುವುದೇ ನನ್ನ ಉದ್ದೇಶ.

ನಮ್ಮದು ನಾಲ್ಕು ಸಿಲಿಂಡರ್‌ಗಳ ಪೆಟ್ರೋಲ್ ಎಂಜಿನ್. ಅದಕ್ಕೆ ಟರ್ಬೊ ಅಳವಡಿಸುವ ಯೋಜನೆಯಿತ್ತು. ಆ ಎಂಜಿನ್‌ನ ಸಾಮಾನ್ಯ ಮಾದರಿಗಳಿಗೆ ತಯಾರಕರು ಎರಕದ ಶಾಫ್ಟನ್ನೂ, ಹೆಚ್ಚು ಶಕ್ತಿಯ ಮಾದರಿಗಳಿಗೆ ಫೋರ್ಜ್ ಮಾಡಿದ ಉಕ್ಕಿನ ಶಾಫ್ಟನ್ನೂ ಹಾಕಿದ್ದರು. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಜರ್ನಲ್‌ಗಳ (ಬೇರಿಂಗ್‌ಗಳಲ್ಲಿ ತಿರುಗುವ ದುಂಡು ಭಾಗಗಳ) ವ್ಯಾಸ, ಹಿಂಬದಿಯ ಫ್ಲ್ಯಾಂಜ್ ಎಲ್ಲವೂ ಎರಡರಲ್ಲೂ ಒಂದೇ ಅಳತೆಯವು, ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಯಾವ ತಕರಾರೂ ಇಲ್ಲದೆ ಕುಳಿತುಕೊಳ್ಳುತ್ತದೆ. ಮೋಸಕ್ಕೆ ಅವಕಾಶವಾಗುವುದು ಇಂತಹ ಎಂಜಿನ್‌ಗಳಲ್ಲಿಯೇ. ನಮಗೆ ಬಂದ ಶಾಫ್ಟಿನ ವೆಬ್‌ಗಳನ್ನೆಲ್ಲ, ಅಂದರೆ ಜರ್ನಲ್‌ಗಳನ್ನು ಜೋಡಿಸುವ ಚಪ್ಪಟೆ ತೋಳುಗಳನ್ನೆಲ್ಲ, ಸುತ್ತಲೂ ಸಾಣೆ ಹಿಡಿದು ನುಣುಪು ಮಾಡಿ, ಅದರ ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿಯಲಾಗಿತ್ತು. ಬ್ಯಾಲೆನ್ಸಿಂಗ್‌ಗಾಗಿ ಮತ್ತು ಚೂಪು ಅಂಚುಗಳಿಂದ ಬಿರುಕು ಹುಟ್ಟದಿರಲೆಂದು ಹಾಗೆ ಮಾಡಿದ್ದೆಂದು ಮಾರಿದವರು ಹೇಳಿದರು. ಒಳ್ಳೆಯ ಕೆಲಸಗಾರರು ನಿಜವಾಗಿಯೂ ಹಾಗೆ ಮಾಡುವುದುಂಟು. ಆ ಮಾತು ನಂಬುವಂತಿದ್ದುದು ಅದರಿಂದಲೇ.

ಮಾರಿದವರು ಕೊಟ್ಟ ಪುರಾವೆಗಳು ಮೂರು: ಶಾಫ್ಟಿನ ಮೇಲೆ ಉಬ್ಬಿ ನಿಂತಿದ್ದ ಸಂಖ್ಯೆ, ಅದನ್ನು ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ನಾದ ಹೊಮ್ಮುವ ಒಂದು ವಿಡಿಯೊ, ಮತ್ತು ಗಡಸುತನದ ಒಂದು ವರದಿ. ಈ ಮೂರರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಸಂಖ್ಯೆ ನಿಜ, ನಾದ ನಿಜ, ವರದಿಯೂ ನಿಜ. ಆದರೆ ಮೂರನ್ನೂ ಒಟ್ಟುಗೂಡಿಸಿದರೂ ಆ ಶಾಫ್ಟ್ ಉಕ್ಕಿನದೆಂದು ಸಿದ್ಧವಾಗುವುದಿಲ್ಲ.

ಉಬ್ಬಿದ ಸಂಖ್ಯೆಯ ವಿಷಯ ಸರಳ. ಎರಕದ ಅಚ್ಚಿನಲ್ಲಿ ಅಂಕಿಗಳನ್ನು ಕೆತ್ತಿದ್ದರೆ ಅವು ಎರಕದ ಮೇಲೆ ಉಬ್ಬಿ ಬರುತ್ತವೆ. ಫೋರ್ಜಿಂಗ್ ಡೈಯಲ್ಲಿ ಕೆತ್ತಿದ್ದರೆ ಉಕ್ಕಿನ ಮೇಲೂ ಅದೇ ರೀತಿ ಉಬ್ಬುತ್ತವೆ. ಆ ಸಂಖ್ಯೆಯನ್ನು ತಯಾರಕರ ಬಿಡಿಭಾಗಗಳ ಪಟ್ಟಿಯೊಡನೆ ತಾಳೆ ನೋಡಿ, ಅದು ಯಾವ ಲೋಹಕ್ಕೆ ಸೇರಿದ್ದೆಂದು ಖಚಿತಪಡಿಸಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ನಾದದ ವಿಷಯದಲ್ಲಿ ಹೆಚ್ಚಿನವರು ಮೋಸಹೋಗುತ್ತಾರೆ. ಉಕ್ಕು ಗಂಟೆಯಂತೆ ಮೊಳಗುತ್ತದೆ, ಎರಕದ ಕಬ್ಬಿಣ ದಬ್ಬೆಂದು ಸುಮ್ಮನಾಗುತ್ತದೆ ಎಂಬ ಮಾತು ಬೂದು ಎರಕದ ಕಬ್ಬಿಣದ ಮಟ್ಟಿಗೆ ಸರಿ. ಅದರೊಳಗಿನ ಗ್ರ್ಯಾಫೈಟ್ ಹಾಳೆ ಹಾಳೆಯಾಗಿ ಹರಡಿಕೊಂಡಿದ್ದು, ಕಂಪನವನ್ನು ನುಂಗಿಬಿಡುತ್ತದೆ. ಆದರೆ ಇಂದು ಎರಕದ ಕ್ರ್ಯಾಂಕ್‌ಶಾಫ್ಟ್‌ಗಳನ್ನು ಹೆಚ್ಚಾಗಿ ಮಾಡುವುದು ಎಸ್‌.ಜಿ. ಕಬ್ಬಿಣದಿಂದ, ಅಂದರೆ ಗ್ರ್ಯಾಫೈಟ್ ಸಣ್ಣ ಸಣ್ಣ ಗುಂಡುಗಳಾಗಿ ನಿಲ್ಲುವಂತೆ ಕರಗಿದ ಲೋಹಕ್ಕೆ ಮೆಗ್ನೀಸಿಯಮ್ ಸೇರಿಸಿ ಎರಕ ಹೊಯ್ದ ಕಬ್ಬಿಣದಿಂದ. ಇದಕ್ಕೆ ನಾದವಿದೆ. ಒಂದೇ ಎಂಜಿನ್‌ನ ಉಕ್ಕಿನ ಶಾಫ್ಟನ್ನೂ ಎಸ್‌.ಜಿ. ಶಾಫ್ಟನ್ನೂ ಪಕ್ಕಪಕ್ಕದಲ್ಲಿ ಹಗ್ಗದಿಂದ ತೂಗುಬಿಟ್ಟು, ಒಂದೇ ಸುತ್ತಿಗೆಯಿಂದ ಕೌಂಟರ್‌ವೇಟಿನ (ಸಮತೋಲಕ್ಕಾಗಿ ವೆಬ್‌ನಲ್ಲಿರುವ ಭಾರದ ಭಾಗದ) ಮೇಲೆ ಹಗುರವಾಗಿ ತಟ್ಟಿದರೆ ಉಕ್ಕಿನ ಸ್ವರ ಹೆಚ್ಚು ಹೊತ್ತು ಉಳಿಯುವುದು ಕೇಳಿಸುತ್ತದೆ. ಹೋಲಿಸಲು ಇನ್ನೊಂದು ಶಾಫ್ಟ್ ಇಲ್ಲದಿದ್ದಾಗ, ಅದರಲ್ಲೂ ವಿಡಿಯೊದಲ್ಲಿ, ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಇದಲ್ಲದೆ, ಬಿರುಕು ಬಿಟ್ಟ ಉಕ್ಕಿನ ಶಾಫ್ಟ್ ಕೂಡ ಮಂಕಾಗಿ ನುಡಿಯುತ್ತದೆ. ಮೇಜಿನ ಮೇಲೆ ಮಲಗಿಸಿ ತಟ್ಟಿದರೆ ಯಾವುದೂ ಸರಿಯಾಗಿ ನುಡಿಯುವುದಿಲ್ಲ.

ಗಡಸುತನದ ವರದಿ ಮೂರರಲ್ಲಿ ಅತ್ಯಂತ ಅಪಾಯಕಾರಿ, ಏಕೆಂದರೆ ಅದು ಶಾಸ್ತ್ರೀಯವಾಗಿ ಕಾಣುತ್ತದೆ. ಕ್ರ್ಯಾಂಕ್‌ಶಾಫ್ಟ್‌ಗಳಿಗೆ ಬಳಸುವ 700-2 ದರ್ಜೆಯ ಎಸ್‌.ಜಿ. ಕಬ್ಬಿಣದ ಗಡಸುತನ ಸುಮಾರು 225ರಿಂದ 305 ಬ್ರಿನೆಲ್ (ಗಡಸುತನ ಅಳೆಯುವ ಒಂದು ಮಾನ). ಇ.ಎನ್. 19 ಎಂಬ ದರ್ಜೆಯ ಉಕ್ಕನ್ನು ಟಿ ಎಂಬ ಮಟ್ಟಕ್ಕೆ ಹದಮಾಡಿದಾಗ ಅದರದು 248ರಿಂದ 302. ಅಂದರೆ ಉಕ್ಕಿನ ವ್ಯಾಪ್ತಿ ಪೂರ್ತಿಯಾಗಿ ಕಬ್ಬಿಣದ ವ್ಯಾಪ್ತಿಯೊಳಗೇ ಅಡಗಿದೆ. ಎರಡರ ನಡುವಿನ ನಿಜವಾದ ಅಂತರ ಇರುವುದು ಗಡಸುತನದಲ್ಲಲ್ಲ, ಲೋಹ ತುಂಡಾಗುವ ಮುನ್ನ ಎಷ್ಟು ಹಿಗ್ಗಬಲ್ಲದು ಎಂಬುದರಲ್ಲಿ. ಆ ದರ್ಜೆಯ ಕಬ್ಬಿಣ ಕನಿಷ್ಠ ಶೇ. 2ರಷ್ಟು ಹಿಗ್ಗಿದರೆ ಸಾಕೆಂದು ಮಾನಕ ಒಪ್ಪುತ್ತದೆ. ಆ ಉಕ್ಕು ಶೇ. 10ಕ್ಕೂ ಹೆಚ್ಚು ಹಿಗ್ಗುತ್ತದೆ. ಗಡಸುತನ ಅಳೆಯುವ ಯಂತ್ರಕ್ಕೆ ಇದು ಕಾಣಿಸುವುದಿಲ್ಲ. ಅಯಸ್ಕಾಂತವನ್ನು ಅಂಟಿಸಿ ತೋರಿಸುವವರೂ ಇದ್ದಾರೆ. ಎರಡೂ ಲೋಹಗಳು ಅಯಸ್ಕಾಂತಕ್ಕೆ ಅಂಟಿಕೊಳ್ಳುವುದರಿಂದ ಆ ಪರೀಕ್ಷೆಗೆ ಅರ್ಥವೇ ಇಲ್ಲ.

ನಮ್ಮ ಶಾಫ್ಟ್ ಮುರಿಯಲು ಈ ಹಿಗ್ಗುವ ಗುಣದ ಕೊರತೆಯೇ ಕಾರಣವಾಯಿತೆಂದು ನಾನು ನಂಬಿದ್ದೇನೆ. ಗ್ರೈಂಡಿಂಗ್‌ಗೆ ಕೊಟ್ಟಾಗ ಶಾಫ್ಟ್ ನಡುವೆ ಸ್ವಲ್ಪ ಬಾಗಿರುವುದು ಡಯಲ್ ಗೇಜ್‌ನಲ್ಲಿ ಕಂಡುಬಂತು. ಉಕ್ಕಿನದೆಂದು ಚೀಟಿಯಲ್ಲಿ ಬರೆದಿದ್ದುದರಿಂದ ಗ್ರೈಂಡಿಂಗ್‌ನವರು ಉಕ್ಕಿಗೆ ಮಾಡುವಂತೆಯೇ ಪ್ರೆಸ್‌ನಲ್ಲಿ ಒತ್ತಿ ನೇರಮಾಡಿದರು. ಉಕ್ಕು ಅಂತಹ ಒತ್ತಡವನ್ನು ಸಹಿಸಿಕೊಳ್ಳುತ್ತದೆ. ಎರಕದ ಕಬ್ಬಿಣದಲ್ಲಿ ಫಿಲೆಟ್‌ನ ಬಳಿ, ಅಂದರೆ ಕನೆಕ್ಟಿಂಗ್ ರಾಡ್ ಕೂರುವ ಪಿನ್ನು ವೆಬ್ಬಿಗೆ ಸೇರುವ ದುಂಡು ಮೂಲೆಯಲ್ಲಿ, ಕಣ್ಣಿಗೆ ಕಾಣದ ಬಿರುಕು ಹುಟ್ಟುವ ಅಪಾಯವಿದೆ. ಎಂಜಿನ್ ಮೊದಲು ಚೆನ್ನಾಗಿಯೇ ಓಡಿತು. ಟರ್ಬೊದ ಪೂರ್ತಿ ಒತ್ತಡದಲ್ಲಿ ಓಡಿಸತೊಡಗಿದ ಮೇಲೆ, ಮೊದಲಿಲ್ಲದ ಒಂದು ನಡುಕ ಕಾಣಿಸಿಕೊಂಡಿತು. ಅದರ ಕಾರಣವನ್ನು ಹುಡುಕುತ್ತಿರುವಾಗಲೇ ಕೊನೆಯ ಕ್ರ್ಯಾಂಕ್‌ಪಿನ್ನಿನ ಬಳಿ ಶಾಫ್ಟ್ ಎರಡಾಯಿತು.

ಮುರಿದ ಮುಖವನ್ನು ತೊಳೆದು ನೋಡಿದಾಗ ವಿಷಯ ಸ್ಪಷ್ಟವಾಯಿತು. ಫಿಲೆಟ್‌ನ ಒಂದು ಬಿಂದುವಿನಿಂದ ಆರಂಭವಾಗಿ ಅರ್ಧಚಂದ್ರಾಕಾರದ ಗೆರೆಗಳು ಒಂದರ ಹಿಂದೊಂದು ಒಳಕ್ಕೆ ಸಾಗಿದ್ದವು; ಆ ಭಾಗ ಉಜ್ಜಿ ನುಣುಪಾಗಿತ್ತು. ಬಿರುಕು ದಿನದಿನಕ್ಕೆ ಬೆಳೆದು ಬಂದ ಗುರುತದು. ಉಳಿದ ಭಾಗ, ಅಂದರೆ ಕೊನೆಗೆ ಒಮ್ಮೆಲೇ ಮುರಿದ ಭಾಗ, ಒರಟಾಗಿಯೂ ಕಡು ಬೂದು ಬಣ್ಣದ್ದಾಗಿಯೂ ಇತ್ತು. ತುಂಡಿನ ಅಂಚನ್ನು ಅರದಿಂದ ಉಜ್ಜಿ, ಬಿದ್ದ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿದಾಗ ಪೆನ್ಸಿಲ್ ಸೀಸದ ಕಪ್ಪು ಅಂಟಿಕೊಂಡಿತು. ಮುಂದೆ ಒಂದು ಚೂರನ್ನು ಕತ್ತರಿಸಿ, ಪಾಲಿಶ್ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡನೆಯ ಕಪ್ಪು ಚುಕ್ಕೆಗಳು ಎಲ್ಲೆಡೆ ಹರಡಿದ್ದವು. ಅದು ಎಸ್‌.ಜಿ. ಕಬ್ಬಿಣ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇನ್ನು, ಕೊಳ್ಳುವ ಮೊದಲು ಏನು ನೋಡಬೇಕು ಎಂಬುದಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಜೋಡಣೆಯ ಗೆರೆ. ಎರಕದ ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಲೋಹ ತುಸು ಹೊರಚಾಚಿ, ವೆಬ್‌ಗಳ ಬದಿಯಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ತೆಳುವಾದ, ಉಬ್ಬಿದ ಗೆರೆ ಉಳಿಯುತ್ತದೆ. ಫೋರ್ಜಿಂಗ್‌ನಲ್ಲಿ ಕೆಂಪಗೆ ಕಾದ ಉಕ್ಕು ಡೈಗಳ ನಡುವಿನಿಂದ ಹೊರಕ್ಕೆ ಹರಿದು ಅಗಲವಾದ ಅಂಚು ಕಟ್ಟುತ್ತದೆ. ಆ ಅಂಚನ್ನು ಕತ್ತರಿಸಿ ತೆಗೆದ ಜಾಗದಲ್ಲಿ ಒಂದು ಸೆಂಟಿಮೀಟರಿಗೂ ಮೀರಿದ ಅಗಲದ, ಒರಟಾದ ಪಟ್ಟಿ ಕಾಣಿಸುತ್ತದೆ. ಇವೆರಡನ್ನೂ ಒಮ್ಮೆ ಪಕ್ಕಪಕ್ಕದಲ್ಲಿ ನೋಡಿದವರಿಗೆ ಮತ್ತೆ ಗೊಂದಲವಾಗುವುದು ಕಡಿಮೆ. ಕ್ರ್ಯಾಂಕ್‌ಪಿನ್ನಿನ ಒಳಗೆ ಎರಕದಲ್ಲಿಯೇ ಬಿಟ್ಟ ಒರಟು ಗೋಡೆಯ ಟೊಳ್ಳು ಕಂಡರೆ ಅದು ಎರಕವೇ. ಫೋರ್ಜ್ ಮಾಡಿದ ಶಾಫ್ಟಿನಲ್ಲಿ ರಂಧ್ರವಿದ್ದರೆ ಅದು ಕೊರೆದದ್ದಾಗಿದ್ದು, ಗೋಡೆ ನಯವಾಗಿರುತ್ತದೆ. ಇಡಿಯ ಉಕ್ಕಿನ ತುಂಡಿನಿಂದ ಯಂತ್ರದಲ್ಲಿ ಕಡೆದು ಮಾಡಿದ ಶಾಫ್ಟ್‌ಗಳಲ್ಲಿ ಎರಡೂ ಬಗೆಯ ಗೆರೆಗಳು ಇರುವುದಿಲ್ಲ, ಆದರೆ ಅವುಗಳ ಮೈಯೆಲ್ಲ ಯಂತ್ರದ ಕೆಲಸದ ಗುರುತುಗಳೇ ಇರುತ್ತವೆ.

ಗೆರೆಯನ್ನು ಸಾಣೆಯಿಂದ ಅಳಿಸಿದ್ದರೆ ಏನು ಮಾಡಬೇಕು? ಆಗ ಶಾಫ್ಟ್ ಯಾವ ಲೋಹದ್ದೆಂದು ಗೊತ್ತಿಲ್ಲವೆಂದೇ ಭಾವಿಸಿ, ಶಾಫ್ಟಿಗೆ ಹಾನಿಮಾಡದ ಎರಡು ಪರೀಕ್ಷೆಗಳನ್ನು ಮಾಡಿಸಬಹುದು. ಒಂದು, ಸಾಂದ್ರತೆ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಎಸ್‌.ಜಿ. ಕಬ್ಬಿಣದ್ದು ಸುಮಾರು 7.1. ಶಾಫ್ಟನ್ನು ಗಾಳಿಯಲ್ಲಿ ತೂಗಿ, ಅನಂತರ ನೀರಿನೊಳಗೆ ತೂಗುಬಿಟ್ಟು ತೂಗಬೇಕು. 20 ಕಿಲೋ ತೂಕದ ಉಕ್ಕಿನ ಶಾಫ್ಟ್ ನೀರಿನಲ್ಲಿ ಸುಮಾರು 2.55 ಕಿಲೋ ಕಳೆದುಕೊಂಡರೆ, ಅಷ್ಟೇ ತೂಕದ ಎಸ್‌.ಜಿ. ಶಾಫ್ಟ್ ಸುಮಾರು 2.82 ಕಿಲೋ ಕಳೆದುಕೊಳ್ಳುತ್ತದೆ. ಕಾಲು ಕಿಲೋಗೂ ಮೀರಿದ ಈ ಅಂತರವನ್ನು ಒಳ್ಳೆಯ ತಕ್ಕಡಿ ತಪ್ಪದೆ ತೋರಿಸುತ್ತದೆ. ಎಣ್ಣೆ ರಂಧ್ರಗಳ ಪ್ಲಗ್ ಬಿಚ್ಚಿ ಒಳಗಿನ ಗಾಳಿ ಪೂರ್ತಿ ಹೊರಹೋಗುವಂತೆ ನೋಡಿಕೊಳ್ಳಬೇಕು. ಬ್ಯಾಲೆನ್ಸಿಂಗ್‌ಗಾಗಿ ಕೌಂಟರ್‌ವೇಟಿನಲ್ಲಿ ಟಂಗ್‌ಸ್ಟನ್ ಮಿಶ್ರಲೋಹದ ತುಂಡುಗಳನ್ನು ಸೇರಿಸಿದ್ದರೆ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಮುಗಿದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು.

ಇನ್ನೊಂದು, ಅಲ್ಟ್ರಾಸೋನಿಕ್ ದಪ್ಪಮಾಪಕ. ಶಬ್ದದ ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಸಾಗಿದರೆ, ಎಸ್‌.ಜಿ. ಕಬ್ಬಿಣದಲ್ಲಿ ಸುಮಾರು 5,600ರಷ್ಟು, ಬೂದು ಕಬ್ಬಿಣದಲ್ಲಿ ಇನ್ನೂ ಕಡಿಮೆ. ಮಾಪಕವನ್ನು ಉಕ್ಕಿಗೆ ಹೊಂದಿಸಿಟ್ಟು, ಬಣ್ಣ ತೆಗೆದ ಒಂದು ಸಮತಟ್ಟಾದ ಜಾಗದಲ್ಲಿ ಅಳೆದು, ಅದೇ ಜಾಗವನ್ನು ವರ್ನಿಯರ್‌ನಿಂದಲೂ ಅಳೆಯಬೇಕು. ಉಕ್ಕಾದರೆ ಎರಡೂ ಅಳತೆಗಳು ಒಂದಾಗುತ್ತವೆ. ಎಸ್‌.ಜಿ. ಆದರೆ ಮಾಪಕವು ನಿಜವಾದ ದಪ್ಪಕ್ಕಿಂತ ಶೇ. 5ರ ಆಸುಪಾಸು ಹೆಚ್ಚು ತೋರಿಸುತ್ತದೆ. ಸಾಣೆ ಹಿಡಿದರೂ ಬಣ್ಣ ಬಳಿದರೂ ಮರೆಮಾಚಲಾಗದ ಪರೀಕ್ಷೆ ಇದು, ಹಾಗಾಗಿ ನಾನು ಇದನ್ನೇ ಹೆಚ್ಚು ನೆಚ್ಚುತ್ತೇನೆ. ಆದರೆ ಎರಕದ ಉಕ್ಕನ್ನೂ ಫೋರ್ಜ್ ಮಾಡಿದ ಉಕ್ಕನ್ನೂ ಬೇರ್ಪಡಿಸಲು ಇದರಿಂದಾಗಲಿ ಸಾಂದ್ರತೆಯಿಂದಾಗಲಿ ಆಗುವುದಿಲ್ಲ. ಎರಕದ ಉಕ್ಕಿನ ಶಾಫ್ಟ್‌ಗಳೂ ಇವೆ. 1930ರ ದಶಕದಲ್ಲಿ ಫೋರ್ಡ್ ಕಂಪನಿ ತನ್ನ ವಿ-8 ಎಂಜಿನ್‌ಗೆ ಎರಕ ಹೊಯ್ದ ಮಿಶ್ರಲೋಹದ ಉಕ್ಕಿನ ಶಾಫ್ಟನ್ನೇ ಬಳಸಿತ್ತು.

ಕಿಡಿಯ ಪರೀಕ್ಷೆ ಹಳೆಯದು, ಒಳ್ಳೆಯದು, ಆದರೆ ಜಾಗ ಆರಿಸುವಾಗ ಎಚ್ಚರ ಬೇಕು. ಕೌಂಟರ್‌ವೇಟಿನ ಹೊರ ಅಂಚಿನಲ್ಲಿ ಮಾತ್ರ ಸಾಣೆಚಕ್ರ ತಾಗಿಸಬೇಕು. ಜರ್ನಲ್ ಅಥವಾ ಫಿಲೆಟ್‌ನ ಹತ್ತಿರ ಒಂದು ಗೀರು ಬಿದ್ದರೂ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಮಂದ ಬೆಳಕಿನಲ್ಲಿ ಉಕ್ಕಿನ ಕಿಡಿಗಳು ಉದ್ದವಾಗಿ, ಬೆಳ್ಳಗೆ ಹೊಳೆಯುತ್ತಾ, ಕವಲೊಡೆದು ಹಾರುತ್ತವೆ. ಕಬ್ಬಿಣದ ಕಿಡಿಗಳು ಚಕ್ರದ ಬಳಿಯಲ್ಲಿಯೇ ಕೆಂಪಗಿದ್ದು ಬೇಗ ಮುಗಿಯುತ್ತವೆ. ಲೋಹ ಯಾವುದೆಂದು ಗೊತ್ತಿರುವ ತುಂಡುಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸದೆ ತೀರ್ಮಾನಕ್ಕೆ ಬರಬಾರದು.

ಎರಕದ ಶಾಫ್ಟ್ ಕೀಳೆಂದು ನಾನು ಹೇಳುತ್ತಿಲ್ಲ. ಫಿಲೆಟ್‌ಗಳನ್ನು ರೋಲರ್‌ನಿಂದ ಒತ್ತಿ ಬಲಪಡಿಸಿದ ಎಸ್‌.ಜಿ. ಶಾಫ್ಟ್‌ಗಳು ತಮಗೆ ವಿಧಿಸಿದ ಹೊರೆಯಲ್ಲಿ ಎಂಜಿನ್‌ನ ಆಯುಷ್ಯ ಪೂರ್ತಿ ದುಡಿಯುತ್ತವೆ. ಆದರೆ ಅವುಗಳ ಆರೈಕೆಯೇ ಬೇರೆ. ಪ್ರೆಸ್‌ನಲ್ಲಿ ಒತ್ತಿ ನೇರಮಾಡುವುದು ಅವುಗಳಿಗೆ ಸಲ್ಲದು. ಸವೆದ ಜರ್ನಲ್‌ಗೆ ವೆಲ್ಡಿಂಗ್‌ನಿಂದ ಲೋಹ ತುಂಬಿಸುವ ಕೆಲಸ ಉಕ್ಕಿಗೆ ಹೊಂದುತ್ತದೆ, ಕಬ್ಬಿಣದಲ್ಲಿ ಗಡಸಾಗಿ ಬಿರುಕು ಬಿಡುತ್ತದೆ. ಗ್ರೈಂಡಿಂಗ್ ಮಾಡುವಾಗ ಗ್ರ್ಯಾಫೈಟ್ ಗುಂಡುಗಳ ಸುತ್ತಲಿನ ಮೆತ್ತನೆಯ ಲೋಹ ಸಣ್ಣ ಸಣ್ಣ ಹುರುಪೆಗಳಾಗಿ ಏಳುತ್ತದೆ. ಕೊನೆಯ ಪಾಲಿಶ್‌ನ ದಿಕ್ಕು ತಪ್ಪಿದರೆ ಎಂಜಿನ್ ತಿರುಗುವಾಗ ಆ ಹುರುಪೆಗಳು ಬೇರಿಂಗ್‌ನ್ನು ಕೆರೆಯುತ್ತವೆ.

ಆದ್ದರಿಂದ ಶಾಫ್ಟನ್ನು ಗ್ರೈಂಡಿಂಗ್‌ಗೆ ಕೊಡುವಾಗ ಅದರ ಲೋಹ ಯಾವುದು, ಯಾವ ಪರೀಕ್ಷೆಯಿಂದ ಅದು ತಿಳಿಯಿತು, ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಬರೆದು ಶಾಫ್ಟಿಗೇ ಕಟ್ಟಿ ಕೊಡಿ. ಕೊಳ್ಳುವಾಗ, ಬಣ್ಣ ತೆಗೆದು ಪರೀಕ್ಷಿಸಿ, ಹೇಳಿದ ಲೋಹವಲ್ಲದಿದ್ದರೆ ಹಿಂದಿರುಗಿಸುವ ಷರತ್ತನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಆ ಷರತ್ತಿಗೆ ಒಪ್ಪದವರಿಂದ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳಬೇಡಿ.