ಬಣ್ಣದ ಅಂಚು ಮುಚ್ಚಿ ಆಡಿಸಬೇಕಾದ ಪ್ರಾಣಿ ಕಾರ್ಡುಗಳು

ಪ್ರಾಣಿಗಳ ವರ್ಗೀಕರಣವನ್ನು ನಾಲ್ಕರಿಂದ ಏಳನೇ ತರಗತಿಯ ಮಕ್ಕಳಿಗೆ ಆಟವಾಗಿ ಕಲಿಸಲೆಂದು ತಯಾರಾದ ಕಾರ್ಡು ಪೆಟ್ಟಿಗೆಗಳು ಈಗ ಹಲವು ಹೆಸರುಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಮುದ್ರಣವಿರುವ ಒಂದನ್ನು ನಮ್ಮ ಶಾಲೆಗೆ ತರಿಸಿ ತರಗತಿಯಲ್ಲಿ ಬಳಸಿದ್ದೇನೆ. ಪೆಟ್ಟಿಗೆಯೊಳಗೆ ಪ್ರಾಣಿಗಳ ಛಾಯಾಚಿತ್ರವಿರುವ ಕಾರ್ಡುಗಳು, ಒಂದೊಂದು ಪ್ರಶ್ನೆ ಮಾತ್ರ ಬರೆದ ಬಿಳಿ ಕಾರ್ಡುಗಳು, ಗುಂಪುಗಳ ಹೆಸರಿರುವ ಮಡಿಸುವ ಹಾಸು ಮತ್ತು ಶಿಕ್ಷಕರಿಗಾಗಿ ತೆಳ್ಳನೆಯ ಕೈಪಿಡಿ ಇವೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ತಯಾರಕರು ಹೇಳಿದ ಕ್ರಮದಲ್ಲಿಯೇ ಆಡಿಸಿದರೆ ಮಕ್ಕಳು ವರ್ಗೀಕರಣವನ್ನು ಕಲಿಯುವುದು ಅನುಮಾನ.

ಮೊದಲು ಮೆಚ್ಚಬೇಕಾದ ಭಾಗವನ್ನು ಹೇಳುತ್ತೇನೆ. ‘ಬೆನ್ನುಮೂಳೆ ಇದೆಯೇ?’, ‘ಮೈಮೇಲೆ ಗರಿಗಳಿವೆಯೇ?’, ‘ಮರಿಗೆ ಹಾಲೂಡಿಸುತ್ತದೆಯೇ?’, ‘ಜೀವನವಿಡೀ ಕಿವಿರುಗಳಿಂದಲೇ ಉಸಿರಾಡುತ್ತದೆಯೇ?’ ಎಂಬಂಥ ಪ್ರಶ್ನೆಗಳಿರುವ ಬಿಳಿ ಕಾರ್ಡುಗಳು ಈ ಪೆಟ್ಟಿಗೆಯ ನಿಜವಾದ ಬಂಡವಾಳ. ಅವುಗಳನ್ನು ನೆಲದ ಮೇಲೆ ಕವಲೊಡೆಯುವ ದಾರಿಯಂತೆ ಜೋಡಿಸಿ, ಪ್ರತಿ ಪ್ರಾಣಿಯನ್ನೂ ಹೌದು ಅಥವಾ ಇಲ್ಲ ಎಂಬ ಉತ್ತರದ ಮೇಲೆ ಮುಂದಕ್ಕೆ ಸಾಗಿಸುತ್ತ ಹೋದರೆ, ಪ್ರಾಣಿ ತಾನಾಗಿಯೇ ತನ್ನ ಗುಂಪಿಗೆ ಬಂದು ನಿಲ್ಲುತ್ತದೆ. ಪ್ರಾಣಿಶಾಸ್ತ್ರಜ್ಞರು ಅಪರಿಚಿತ ಮಾದರಿಯೊಂದನ್ನು ಗುರುತಿಸಲು ಬಳಸುವ ಕ್ರಮವೂ ಇದೇ. ಇಲ್ಲಿ ಪ್ರಶ್ನೆಗಳ ಸರದಿಗೂ ಬೆಲೆಯಿದೆ. ‘ಮೊಟ್ಟೆ ಇಡುತ್ತದೆಯೇ?’ ಎಂಬುದನ್ನು ಮೊದಲು ಕೇಳಿದರೆ ಕೋಳಿ, ಆಮೆ, ಕಪ್ಪೆ, ಜಿರಳೆ ಎಲ್ಲವೂ ಒಂದೇ ರಾಶಿಗೆ ಬೀಳುತ್ತವೆ. ಬೆನ್ನುಮೂಳೆಯ ಪ್ರಶ್ನೆಯನ್ನು ಮೊದಲು ಕೇಳಿದರೆ ಜಿರಳೆ ಆರಂಭದಲ್ಲಿಯೇ ಬೇರೆ ದಾರಿ ಹಿಡಿಯುತ್ತದೆ. ಸರದಿಯನ್ನು ಬೇಕೆಂದೇ ಕೆಡಿಸಿ ಆಡಿಸಿದಾಗ ಮಕ್ಕಳೇ ಅದನ್ನು ತಿದ್ದಲು ಮುಂದಾಗುತ್ತಾರೆ. ಆ ಜಗಳವನ್ನು ಬೇಗ ನಿಲ್ಲಿಸಬಾರದೆಂಬುದು ನನ್ನ ಅಭಿಪ್ರಾಯ.

ಚಿತ್ರದ ಕಾರ್ಡುಗಳಲ್ಲಿ ಚಿಪ್ಪುಹಂದಿಯ ಆಯ್ಕೆ ತುಂಬಾ ಚೆನ್ನಾಗಿದೆ. ಮೈತುಂಬ ಚಿಪ್ಪುಗಳನ್ನು ಹೊತ್ತ ಈ ಪ್ರಾಣಿಯನ್ನು ಬಹುತೇಕ ಮಕ್ಕಳು ನೇರವಾಗಿ ಮೊಸಳೆಯ ಪಕ್ಕಕ್ಕೆ ಇಡುತ್ತಾರೆ. ಕಾರ್ಡಿನ ಹಿಂಬದಿಯಲ್ಲಿ ಅದರ ಹೊಟ್ಟೆಯ ಭಾಗದ ವಿರಳವಾದ ಕೂದಲು, ಮರಿಗೆ ಹಾಲೂಡಿಸುವ ಗುಣ, ಚಿಪ್ಪುಗಳು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆಗಿರುವುದು ಇವೆಲ್ಲ ಸರಳವಾಗಿ ಬಂದಿವೆ. ಬಾವಲಿ ಮತ್ತು ಡಾಲ್ಫಿನ್ ಕಾರ್ಡುಗಳೂ ಇದೇ ಕೆಲಸ ಮಾಡುತ್ತವೆ. ಹಾರುವುದು, ಈಜುವುದು, ಎಲ್ಲಿ ವಾಸಿಸುವುದು ಎಂಬ ಸಂಗತಿಗಳನ್ನು ಬದಿಗಿಟ್ಟು ದೇಹದ ರಚನೆಯನ್ನೂ ಮರಿಯನ್ನು ಸಾಕುವ ಬಗೆಯನ್ನೂ ನೋಡಬೇಕೆಂಬುದನ್ನು ಈ ಮೂರು ಕಾರ್ಡುಗಳು ಮನದಟ್ಟು ಮಾಡುವಷ್ಟು ಚೆನ್ನಾಗಿ ಕೈಪಿಡಿಯ ಯಾವ ಪುಟವೂ ಮಾಡುವುದಿಲ್ಲ.

ಇಷ್ಟು ಯೋಚಿಸಿ ಪ್ರಶ್ನೆಗಳನ್ನು ರೂಪಿಸಿದವರು ಚಿತ್ರದ ಕಾರ್ಡುಗಳ ಅಂಚಿಗೆ ಬಣ್ಣ ಬಳಿದದ್ದು ಏಕೆಂದು ತಿಳಿಯುವುದಿಲ್ಲ. ಸಸ್ತನಿಗಳಿಗೆ ಕೆಂಪು, ಪಕ್ಷಿಗಳಿಗೆ ಹಳದಿ, ಸರೀಸೃಪಗಳಿಗೆ ಹಸಿರು, ಉಭಯವಾಸಿಗಳಿಗೆ ಕಂದು, ಮೀನುಗಳಿಗೆ ನೀಲಿ ಎಂದು ಅಂಚಿನಲ್ಲಿಯೇ ಉತ್ತರವನ್ನು ಮುದ್ರಿಸಿರುವುದರಿಂದ, ಎರಡನೇ ಸಲ ಆಡುವಾಗ ಯಾವ ಮಗುವೂ ಪ್ರಾಣಿಯನ್ನು ನೋಡುವುದಿಲ್ಲ. ಕೆಂಪು ಕೆಂಪಿನ ಜೊತೆಗೆ, ನೀಲಿ ನೀಲಿಯ ಜೊತೆಗೆ ಸೇರಿ ಕೆಲವೇ ನಿಮಿಷಗಳಲ್ಲಿ ಆಟ ಮುಗಿಯುತ್ತದೆ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಚೌಕಟ್ಟಿನಂತೆ ಕತ್ತರಿಸಿ ಅಂಚುಗಳ ಮೇಲೆ ಅಂಟಿಸಿದ ಮೇಲೆಯೇ ಈ ಪೆಟ್ಟಿಗೆ ನಮ್ಮಲ್ಲಿ ಕಲಿಕೆಯ ಸಾಧನವಾಯಿತು. ಕೊಳ್ಳುವ ಶಿಕ್ಷಕರು ಮೊದಲ ದಿನವೇ ಈ ಕೆಲಸ ಮಾಡಿಕೊಳ್ಳುವುದು ಒಳ್ಳೆಯದು.

ಕೈಪಿಡಿಯ ವಿವರಗಳಲ್ಲಿ ತಿದ್ದಬೇಕಾದ ಮಾತುಗಳು ಹಲವಿವೆ. ಸರೀಸೃಪಗಳೆಲ್ಲ ಮೊಟ್ಟೆ ಇಡುತ್ತವೆ ಎಂದು ಅದು ಯಾವ ಅಳುಕೂ ಇಲ್ಲದೆ ಹೇಳುತ್ತದೆ. ನಮ್ಮ ಹೊಲಗದ್ದೆಗಳಲ್ಲಿಯೇ ಇರುವ ಕೊಳಕುಮಂಡಲ ಮರಿಗಳನ್ನು ಈಯುತ್ತದೆ, ಮಣ್ಣುಮುಕ್ಕ ಹಾವೂ ಹಾಗೆಯೇ. ಉಭಯವಾಸಿಗಳೆಲ್ಲ ಗೊದಮೊಟ್ಟೆಯ ಹಂತವನ್ನು ನೀರಿನಲ್ಲಿ ಕಳೆಯುತ್ತವೆ ಎಂಬ ಮಾತೂ ಅಷ್ಟೇ ಅವಸರದ್ದು. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಗಳೇ ಹೊರಬರುತ್ತವೆ. ಸರೀಸೃಪಗಳ ಹೃದಯಕ್ಕೆ ಮೂರು ಕೋಣೆಗಳೆಂದು ಬರೆದವರು ಮೊಸಳೆಗೆ ನಾಲ್ಕು ಕೋಣೆಗಳಿರುವುದನ್ನು ಬಿಟ್ಟಿದ್ದಾರೆ. ಐದನೇ ತರಗತಿಗೆ ಇಷ್ಟೆಲ್ಲ ಅಪವಾದಗಳು ಬೇಡವೆಂದು ವಾದಿಸಬಹುದು. ಆದರೆ ‘ಎಲ್ಲ’ ಎಂಬಲ್ಲಿ ‘ಹೆಚ್ಚಿನವು’ ಎಂದು ಬರೆಯುವುದರಿಂದ ಪಾಠದ ಭಾರವೇನೂ ಹೆಚ್ಚುವುದಿಲ್ಲ, ಮತ್ತು ಹಾವು ಮರಿ ಹಾಕುವುದನ್ನು ಕಂಡ ಹಳ್ಳಿಯ ಮಗುವಿನ ಅನುಭವವನ್ನು ತಪ್ಪೆಂದು ಅಳಿಸಿಹಾಕುವ ಪ್ರಮೇಯವೂ ಬರುವುದಿಲ್ಲ.

ಇವುಗಳಿಗಿಂತ ದೊಡ್ಡ ಕೊರತೆ ಅಕಶೇರುಕಗಳ ವಿಷಯದಲ್ಲಿದೆ. ಇದುವರೆಗೆ ಗುರುತಿಸಿದ ಪ್ರಾಣಿ ಪ್ರಭೇದಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಬೆನ್ನುಮೂಳೆಯಿಲ್ಲದವು. ಪೆಟ್ಟಿಗೆಯಲ್ಲಿ ಮಾತ್ರ ಅವುಗಳಿಗೆ ಸಿಕ್ಕಿರುವುದು ಬೆರಳೆಣಿಕೆಯ ಕಾರ್ಡುಗಳು, ಅದೂ ‘ಕೀಟಗಳು’ ಮತ್ತು ‘ಇತರೆ’ ಎಂಬ ಎರಡೇ ಮನೆಗಳಲ್ಲಿ. ಜೇಡವನ್ನೂ ಚೇಳನ್ನೂ ಕೀಟಗಳ ಮನೆಗೆ ಸೇರಿಸಿರುವುದು ಅಪವಾದವನ್ನು ಬಿಟ್ಟ ದೋಷವಲ್ಲ, ನೇರವಾದ ತಪ್ಪು. ಕೀಟಕ್ಕೆ ಆರು ಕಾಲುಗಳು, ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳು. ಜೇಡಕ್ಕೂ ಚೇಳಿಗೂ ಎಂಟು ಕಾಲುಗಳು. ಏಡಿ, ಚೇಳು, ಸಹಸ್ರಪದಿ, ಜೇನುನೊಣ ಇವೆಲ್ಲವನ್ನೂ ಕೂಡಿಸುವ ಸಂಧಿಪದಿಗಳೆಂಬ ದೊಡ್ಡ ಮನೆಯೊಂದನ್ನು ಹಾಸಿನ ಮೇಲೆ ಬರೆದಿದ್ದರೆ, ಗುಂಪಿನೊಳಗೊಂದು ಗುಂಪು ಇರುತ್ತದೆ ಎಂಬ, ವರ್ಗೀಕರಣದ ಪ್ರಾಣದಂಥ ವಿಚಾರವನ್ನು ಹೇಳಿಕೊಡಲು ಅವಕಾಶವಾಗುತ್ತಿತ್ತು. ಎರೆಹುಳು, ಜಿಗಣೆ ಮತ್ತು ಕಂಬಳಿಹುಳುಗಳನ್ನು ‘ಇತರೆ’ಯಲ್ಲಿ ಒಟ್ಟಿಗೆ ತುಂಬಿರುವುದೂ ಸರಿಯಲ್ಲ. ಮೊದಲಿನ ಎರಡೂ ದೇಹವೆಲ್ಲ ಉಂಗುರಗಳಂತಿರುವ ವಲಯವಂತಗಳು. ಮೂರನೆಯದು ಪತಂಗವಾಗಲಿರುವ ಕೀಟದ ಮರಿ.

ವರ್ಗೀಕರಣದ ಚರಿತ್ರೆಗೆ ಕೈಪಿಡಿ ಕೊಟ್ಟಿರುವುದು ಲಿನೇಯಸ್‌ನ ಚಿತ್ರ ಮತ್ತು ‘ವರ್ಗೀಕರಣದ ಪಿತಾಮಹ’ ಎಂಬ ಬಿರುದು ಮಾತ್ರ. ಸ್ವೀಡನ್ನಿನ ಈ ವಿಜ್ಞಾನಿ 1758ರಲ್ಲಿ ತನ್ನ ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಪ್ರಾಣಿಗಳನ್ನು ಆರು ವರ್ಗಗಳಾಗಿ ವಿಂಗಡಿಸಿದನು. ಅದರಲ್ಲಿ ಹಾವು, ಆಮೆಗಳು ಕಪ್ಪೆಯ ಜೊತೆಗೇ ಇದ್ದವು. ಜೇಡ, ಏಡಿಗಳು ಕೀಟಗಳ ಜೊತೆಗಿದ್ದವು. ಹಿಂದಿನ ಆವೃತ್ತಿಗಳಲ್ಲಿ ಮೀನುಗಳ ಜೊತೆ ಇದ್ದ ತಿಮಿಂಗಿಲವನ್ನು ಆತ ಇಲ್ಲಿ ಸಸ್ತನಿಗಳ ಸಾಲಿಗೆ ತಂದನು. ಎಂದರೆ ನಮ್ಮ ಮಕ್ಕಳು ಇಂದು ಮಾಡುವ ತಪ್ಪುಗಳನ್ನು ಆತನೂ ಮಾಡಿದ್ದಾನೆ, ಕೆಲವನ್ನು ತಾನೇ ತಿದ್ದಿಕೊಂಡಿದ್ದಾನೆ. ಇದನ್ನು ತರಗತಿಯಲ್ಲಿ ಹೇಳಿದಾಗ, ಡಾಲ್ಫಿನ್ನನ್ನು ಮೀನಿನ ರಾಶಿಗೆ ಹಾಕಿದ ಹುಡುಗನ ಮುಖದಲ್ಲಿ ಕಂಡ ಸಮಾಧಾನ ಆ ಬಿರುದಿನಿಂದ ಎಂದಿಗೂ ಸಿಗುವಂಥದ್ದಲ್ಲ. ಮೊಸಳೆಗೆ ಹಲ್ಲಿಗಿಂತ ಹಕ್ಕಿಯೇ ಹತ್ತಿರದ ಬಂಧುವೆಂದು ಇಂದಿನ ವಿಜ್ಞಾನ ಹೇಳುತ್ತಿರುವುದನ್ನಾದರೂ ಒಂದು ಚೌಕದಲ್ಲಿ ಕೊಡಬಹುದಾಗಿತ್ತು.

ಪ್ರಾಣಿಗಳ ಆಯ್ಕೆಯಲ್ಲಿ ಪೆಂಗ್ವಿನ್, ಕಾಂಗರೂ, ಜೀಬ್ರಾಗಳು ಧಾರಾಳವಾಗಿವೆ. ಬೇಲಿಯ ಮೇಲೆ ದಿನವೂ ಕಾಣುವ ಓತಿಕ್ಯಾತ ಇಲ್ಲ. ಈ ಕೊರತೆಯನ್ನು ನಾವು ಮಕ್ಕಳ ಕೈಯಿಂದಲೇ ತುಂಬಿಸಿದೆವು. ಅವರು ರಟ್ಟಿನ ಮೇಲೆ ಚಿತ್ರ ಬರೆದು ಸೇರಿಸಿದ ಕಾರ್ಡುಗಳಲ್ಲಿ ಬಸವನಹುಳು, ಗೆದ್ದಲು, ಹಾವುಮೀನು, ಅಡಿಕೆ ತೋಟದ ಹಾರುವ ಓತಿ ಬಂದವು. ಹಾರುವ ಓತಿಗೆ ರೆಕ್ಕೆಯಂಥ ಪೊರೆಯಿದ್ದರೂ ಗರಿಗಳಿಲ್ಲದ್ದರಿಂದ ಅದು ಪಕ್ಷಿಯ ದಾರಿಯಲ್ಲಿ ಮುಂದೆ ಹೋಗಲಾರದೆ ನಿಂತದ್ದು, ಮುದ್ರಿತ ಕಾರ್ಡುಗಳು ಹುಟ್ಟಿಸದಷ್ಟು ಚರ್ಚೆಯನ್ನು ಹುಟ್ಟಿಸಿತು. ಮಲೆನಾಡಿನ ಶಿಕ್ಷಕರಾದರೆ ಸಿಸಿಲಿಯನ್ ಅನ್ನೂ ಸೇರಿಸಬಹುದು: ನೋಡಲು ದಪ್ಪ ಎರೆಹುಳುವಿನಂತೆ, ಇಲ್ಲವೇ ಸಣ್ಣ ಹಾವಿನಂತೆ ಕಾಣುವ ಈ ಕಾಲಿಲ್ಲದ ಜೀವಿ ಕಪ್ಪೆಯ ವರ್ಗಕ್ಕೆ ಸೇರಿದ ಉಭಯವಾಸಿ.

ಮುದ್ರಣ ಮತ್ತು ಕಾಗದದ ಬಗ್ಗೆ ದೂರಿಲ್ಲ. ಕಾರ್ಡುಗಳಿಗೆ ಲ್ಯಾಮಿನೇಷನ್ ಇದೆ, ಮೂಲೆಗಳು ದುಂಡಗಿವೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹಾಸು ಮಾತ್ರ ಮಡಿಕೆಗಳಲ್ಲಿ ಬೇಗ ಹರಿಯುತ್ತದೆ. ಕನ್ನಡದ ಅಕ್ಷರಗಳು ಇಂಗ್ಲಿಷಿನವುಗಳಿಗಿಂತ ಚಿಕ್ಕವಾಗಿರುವುದರಿಂದ ಹಿಂದೆ ಕುಳಿತ ಮಕ್ಕಳಿಗೆ ಓದಲು ಕಷ್ಟ.

ಪಠ್ಯ ಕಡಿತದ ವೇಳೆ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವಿಗಳ ವೈವಿಧ್ಯದ ಅಧ್ಯಾಯವನ್ನು ಕೈಬಿಟ್ಟಿದ್ದರಿಂದ, ಈ ಪಾಠವನ್ನು ಪ್ರಾಥಮಿಕ ಹಂತದಲ್ಲಿಯೇ ಗಟ್ಟಿಯಾಗಿ ಕಲಿಸುವ ಹೊಣೆ ಹೆಚ್ಚಿದೆ ಎಂದು ನನಗೆ ಅನ್ನಿಸುತ್ತದೆ. ಆ ದೃಷ್ಟಿಯಿಂದ ಶಾಲೆಗಳು ಇಂಥದೊಂದನ್ನು ಕೊಳ್ಳಬಹುದು. ಆದರೆ ಒಂದು ಪೆಟ್ಟಿಗೆಯ ಸುತ್ತ ಐದಾರು ಮಕ್ಕಳು ಮಾತ್ರ ಕೂರಲು ಸಾಧ್ಯ. ನಲವತ್ತು ಮಕ್ಕಳಿರುವ ತರಗತಿಗೆ ಹಲವು ಪೆಟ್ಟಿಗೆಗಳನ್ನು ಕೊಳ್ಳುವ ಬದಲು, ಒಂದನ್ನೇ ಕೊಂಡು, ಅದರ ಪ್ರಶ್ನೆ ಕಾರ್ಡುಗಳನ್ನು ಪ್ರತಿ ಗುಂಪಿಗೂ ಕೈಯಲ್ಲಿ ಬರೆದುಕೊಟ್ಟು, ಪ್ರಾಣಿಗಳ ಚಿತ್ರಗಳನ್ನು ಹಳೆಯ ಪತ್ರಿಕೆಗಳಿಂದ ಕತ್ತರಿಸಿ ತರುವಂತೆ ಮಕ್ಕಳಿಗೇ ಹೇಳುವುದು ಲೇಸು. ಮನೆಯಲ್ಲಿ ಒಂದೆರಡು ಮಕ್ಕಳಿಗಾಗಿ ಕೊಳ್ಳುವವರು ಕೀಟಗಳ ಮನೆಯಿಂದ ಜೇಡ, ಚೇಳುಗಳನ್ನು ತೆಗೆದಿಟ್ಟ ಮೇಲೆ ಪೆಟ್ಟಿಗೆಯನ್ನು ಅವರ ಕೈಗೆ ಕೊಡಬೇಕು.