200ರ ಪ್ಲಾನ್, 94ರ ವೇಗ: ಮುಲುಂಡಿನ ನಮ್ಮ ಮನೆಯ ಫೈಬರ್ ಸಂಪರ್ಕಕ್ಕೆ ಒಂದು ವರ್ಷ

ಮುಂಬಯಿಯ ಮುಲುಂಡ್ ಪಶ್ಚಿಮದ ನಮ್ಮ ಮನೆಗೆ ಸ್ಥಳೀಯ ಕೇಬಲ್ ಸಂಸ್ಥೆಯೊಂದರ ಫೈಬರ್ ಇಂಟರ್‌ನೆಟ್ ಬಂದು ಒಂದು ವರ್ಷವಾಯಿತು. 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್) ಪ್ಲಾನಿಗೆ ತಿಂಗಳಿಗೆ 799 ರೂಪಾಯಿ, ಶೇಕಡಾ 18ರ ಜಿಎಸ್‌ಟಿ ಸೇರಿದರೆ 943 ರೂಪಾಯಿ ಆಗುತ್ತದೆ. ಮುಂಬಯಿ, ಪುಣೆಗಳಲ್ಲಿ ಬೆಳೆಯುತ್ತಿರುವ ಹನ್ನೆರಡು ಮಕ್ಕಳಿಗೆ ಪ್ರತಿ ಭಾನುವಾರ ವೀಡಿಯೊ ಮೂಲಕ ಕನ್ನಡ ಅಕ್ಷರ ಕಲಿಸುತ್ತೇನೆ. ಆದ್ದರಿಂದ ಸಂಪರ್ಕ ತಡೆದು ನಿಂತರೆ ನನ್ನ ತರಗತಿಯೇ ನಿಲ್ಲುತ್ತದೆ. ಈ ಸಂಸ್ಥೆಯ ತಂತಿ ಬಹಳ ಚೆನ್ನಾಗಿದೆ, ಆದರೆ ಫೋನಿನಲ್ಲಿ ಉತ್ತರಿಸುವವರಿಗೆ ತಾವೇ ಮಾರುವ ಸೇವೆಯ ಪದಗಳು ಗೊತ್ತಿಲ್ಲ ಎಂಬುದು ನನ್ನ ವರ್ಷದ ಅನುಭವ.

ಮೊದಲ ಎರಡು ತಿಂಗಳು ಒಳಕೋಣೆಯ ಕಂಪ್ಯೂಟರಿನಲ್ಲಿ ಎಷ್ಟು ಸಲ ಅಳೆದರೂ ವೇಗ 94 ಎಂಬಿಪಿಎಸ್ ದಾಟಲಿಲ್ಲ. ಕಡತ ಇಳಿಸುವಾಗ ಪರದೆಯ ಮೇಲೆ ಸೆಕೆಂಡಿಗೆ 11 ಎಂಬಿ ಎಂದು ತೋರುತ್ತಿತ್ತು. ಪ್ಲಾನಿನ ಲೆಕ್ಕ ಬಿಟ್‌ಗಳಲ್ಲಿ, ಕಡತದ ಲೆಕ್ಕ ಬೈಟ್‌ಗಳಲ್ಲಿ; ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಪ್ರಕಾರ 200 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 25 ಎಂಬಿ ಬರಬೇಕಿತ್ತು, ಬರುತ್ತಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಫೋನ್ ಮಾಡಿದಾಗಲೆಲ್ಲ ‘ಸರ್ವರ್ ಸಮಸ್ಯೆ’, ‘ವೈ-ಫೈ ಹಾಗೆಯೇ ಇರುತ್ತದೆ’, ‘300ರ ಪ್ಲಾನ್ ತೆಗೆದುಕೊಳ್ಳಿ’ ಎಂಬ ಉತ್ತರಗಳೇ ಸಿಕ್ಕವು. ನಾನು ಅಳೆದದ್ದು ವೈ-ಫೈಯಲ್ಲಲ್ಲ, ರೌಟರಿಗೆ ತಂತಿ ಜೋಡಿಸಿ ಎಂದು ಮೂರು ಸಲ ಹೇಳಿದ್ದೇನೆ.

ಕೊನೆಗೆ ಬಂದ ತಂತ್ರಜ್ಞ ವಿಜಯಪುರದ ಕಡೆಯ ಯುವಕ. 94 ಎಂಬ ಅಂಕಿ ಕೇಳಿದ ಕೂಡಲೇ ಅವನ ಗಮನ ಹೋದದ್ದು ಮನೆಯೊಳಗಿನ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ಕೇಬಲಿನ ಮೇಲೆ. ಬಾಗಿಲ ಬಳಿ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಬೆಳಕಾಗಿ ಬಂದ ಸಂಕೇತವನ್ನು ಅದು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಅಲ್ಲಿಂದ ಒಳಕೋಣೆಯ ರೌಟರಿನವರೆಗೆ ಎಳೆದ ಕೇಬಲ್ ಕಿಟಕಿಯ ಜಾರುಬಾಗಿಲಿನ ಅಡಿಯಲ್ಲಿ ಜಜ್ಜಿಹೋಗಿತ್ತು. “ಅಕ್ಕಾರ, ಲೈನ್ ಛಲೋ ಐತ್ರಿ, ಈ ವೈರಿನ್ಯಾಗ ಕಂದು ಬಣ್ಣದ ಜೋಡಿ ತುಂಡಾಗೇತಿ” ಎಂದು ತೋರಿಸಿದ. ಆ ಕೇಬಲಿನಲ್ಲಿ ಎಂಟು ಎಳೆಗಳು, ಅಂದರೆ ನಾಲ್ಕು ಜೋಡಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಹೀಗಾಗಿ ಸಂಪರ್ಕ ಕಡಿಯದೆ, ಯಾವ ಎಚ್ಚರಿಕೆಯನ್ನೂ ತೋರಿಸದೆ 100ಕ್ಕೆ ಇಳಿದು ಕುಳಿತಿತ್ತು. ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ; ಪ್ರತಿ ಪೊಟ್ಟಣಕ್ಕೂ ಅಂಟಿಕೊಂಡು ಹೋಗುವ ವಿಳಾಸದಂಥ ಮಾಹಿತಿಗೆ ಒಂದಿಷ್ಟು ಖರ್ಚಾಗಿ ನಮ್ಮ ಕೈಗೆ ಸಿಗುವುದೇ ಆ 94.

ಅವನು ಕೆಟ್ಟ ಭಾಗ ಕತ್ತರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎಳೆಗಳನ್ನು ಬೆರಳ ತುದಿಯಲ್ಲಿ ಚಪ್ಪಟೆಯಾಗಿ ಜೋಡಿಸಿ ಹೊಸ ಪ್ಲಗ್ ಒತ್ತಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಂದಿನಿಂದ ವೇಗ 200ರ ಆಸುಪಾಸಿನಲ್ಲೇ ಇದೆ. ಎರಡು ತಿಂಗಳು ಅರ್ಧ ಸೇವೆಗೆ ಪೂರ್ತಿ ಹಣ ಕೊಟ್ಟದ್ದಕ್ಕೆ ಸಂಸ್ಥೆ ಒಂದು ರೂಪಾಯಿಯನ್ನೂ ಕಡಿತ ಮಾಡಲಿಲ್ಲ, ಇದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಅಪ್‌ಲೋಡ್ ವೇಗವೂ 200 ಇರುವುದು ಈ ಪ್ಲಾನಿನ ದೊಡ್ಡ ಗುಣ. ಜಾಹೀರಾತುಗಳು ದೊಡ್ಡದಾಗಿ ಬರೆಯುವುದು ಡೌನ್‌ಲೋಡನ್ನು, ಆದರೆ ನಾನು ಬರೆದ ‘ಳ’ ಮಕ್ಕಳ ಪರದೆಯಲ್ಲಿ ಮಸುಕಾಗದೆ ಕಾಣುವುದು ಅಪ್‌ಲೋಡಿನಿಂದ. ಉಡುಪಿಯಲ್ಲಿರುವ ಅಮ್ಮನೊಂದಿಗೆ ಮಾತನಾಡುವಾಗಲೂ ಮುಖ ನಿಂತುಹೋಗುವುದಿಲ್ಲ. ವೈ-ಫೈ ವಿಷಯದಲ್ಲಿ, ಅಡುಗೆಮನೆಯವರೆಗೆ ತಲುಪುವುದು 2.4 ಗಿಗಾಹರ್ಟ್ಸ್‌ನ ಅಲೆ, 5 ಗಿಗಾಹರ್ಟ್ಸ್‌ನದು ಹೆಚ್ಚು ವೇಗದ್ದಾದರೂ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ.

ಒಂದು ಕೊರತೆಯನ್ನು ಸಂಸ್ಥೆ ಮೊದಲೇ ತಿಳಿಸಬೇಕಿತ್ತು. ಮನೆಯ ಡಿಸ್ಕಿನಲ್ಲಿಟ್ಟ ಪಾಠದ ಕಡತಗಳನ್ನು ಊರಿನಿಂದ ತೆರೆಯಲು ನೋಡಿದರೆ ಆಗಲಿಲ್ಲ. ರೌಟರಿಗೆ ಸಿಕ್ಕ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, 100.72 ಎಂದು ಆರಂಭವಾಗುತ್ತಿತ್ತು, 100.64ರಿಂದ 100.127ರವರೆಗಿನವು ಸೇವಾ ಸಂಸ್ಥೆಗಳು ತಮ್ಮೊಳಗೆ ಬಳಸಲೆಂದು ಮೀಸಲಾದ ವಿಳಾಸಗಳು. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ, ಆದ್ದರಿಂದ ಅನೇಕ ಮನೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಒಂದೇ ಬೀದಿ ನಂಬರಿನಲ್ಲಿ ಇಡೀ ಚಾಳ್ ಇದ್ದು, ಒಳಗಿನ ಖೋಲಿಯ ನಂಬರು ಹೊರಗಿನವರಿಗೆ ತಿಳಿಯದಂತೆ. ಹಂಚಿಕೆಯನ್ನು ನಾನು ದೂರುವುದಿಲ್ಲ. ಆದರೆ ಸ್ಥಿರ ಐಪಿಗೆ, ಅಂದರೆ ನಮಗೆಂದೇ ಇರುವ ಬದಲಾಗದ ಸಾರ್ವಜನಿಕ ವಿಳಾಸಕ್ಕೆ, ಬೇರೆ ಶುಲ್ಕವಿದೆ ಎಂದು ಸೇರುವ ದಿನವೇ ಹೇಳಬಹುದಿತ್ತು, ವಿಳಾಸಗಳ ಕೊರತೆಯಿಲ್ಲದ ಹೊಸ ಪದ್ಧತಿ ಐಪಿವಿ6 ಆದರೂ ಕೊಡಬಹುದಿತ್ತು.

ಮಳೆಗಾಲದಲ್ಲಿ ನಾಲ್ಕು ಸಲ ಸಂಪರ್ಕ ಹೋಯಿತು. ಕಟ್ಟಡದ ತಾರಸಿಯಿಂದ ತಾರಸಿಗೆ ಕೇಬಲ್ ಎಳೆಯುವ ಈ ಊರಿನಲ್ಲಿ ಅದು ಅನಿರೀಕ್ಷಿತವಲ್ಲ. ಮೊದಲ ಸಲ ‘ನೆಟ್ ಇಲ್ಲ’ ಎಂದಾಗ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬುದರಲ್ಲೇ ಒಂದು ದಿನ ಕಳೆಯಿತು. ಮುಂದಿನ ಮೂರು ಸಲ ‘ಒಎನ್‌ಟಿಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿದೆ’ ಎಂದೆ. ಬೆಳಕಿನ ಸಂಕೇತವೇ ಪೆಟ್ಟಿಗೆಯನ್ನು ತಲುಪುತ್ತಿಲ್ಲ ಎಂದು ಅದರ ಅರ್ಥ. ಮೂರು ಸಲವೂ ಅದೇ ದಿನ ಜನ ಬಂದು ಫೈಬರ್ ಬೆಸೆದುಕೊಟ್ಟರು.

ತಂತಿಗೆ ಐದರಲ್ಲಿ ನಾಲ್ಕೂವರೆ, ಮನೆಗೆ ಬರುವ ತಂತ್ರಜ್ಞರಿಗೆ ಐದಕ್ಕೆ ಐದು, ಫೋನಿನ ಸೇವೆಗೆ ಒಂದೂವರೆ ಅಂಕ ಕೊಡುತ್ತೇನೆ. ಇನ್ನು ಆರು ತಿಂಗಳಿಗೆ ನವೀಕರಿಸಿದ್ದೇನೆ. ಹೊಸದಾಗಿ ಸೇರುವವರು ಜೋಡಿಸಿಕೊಟ್ಟ ದಿನವೇ, ತಂತ್ರಜ್ಞರು ಹೊರಡುವ ಮೊದಲು, ರೌಟರಿಗೆ ಕೇಬಲ್ ಹಾಕಿ ವೇಗ ಅಳೆಸಿಕೊಳ್ಳಿ.