ದಖ್ಖನಿ ಕುರಿಯ ಕೈನೂಲು: ಕಂಬಳಿ ದಾರದಲ್ಲಿ ಹೆಣಿಗೆ ಹಾಕಬಹುದೇ?

ಟೆಕ್ಸ್‌ಟೈಲ್ ಡಿಸೈನ್ ಓದುವವರು ಸ್ಥಳೀಯ ಉಣ್ಣೆಯಲ್ಲೇ ಪ್ರಾಜೆಕ್ಟ್ ಮಾಡಬೇಕೆಂದು ಹೊರಟರೆ ಕರ್ನಾಟಕದಲ್ಲಿ ಕೈಗೆ ಸಿಗುವ ಸರಕು ಹೆಚ್ಚುಕಡಿಮೆ ಒಂದೇ: ದಖ್ಖನಿ ಕುರಿಯ ಕರಿ ಉಣ್ಣೆಯಿಂದ ಕುರುಬರ ಮನೆಗಳಲ್ಲಿ ರಾಟೆಯ ಮೇಲೆ ತೆಗೆದ ಒಂಟಿ ಎಳೆಯ ನೂಲು. ಚಳ್ಳಕೆರೆ ಸೀಮೆ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಹೀಗೆ ಕಂಬಳಿ ನೇಯುವ ಕಡೆ ವಿಚಾರಿಸಿದರೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಮಗ್ಗಕ್ಕೆಂದು ತೆಗೆದ ನೂಲು ಇದು, ಹೆಣಿಗೆ ಕಡ್ಡಿಗೆಂದು ತೆಗೆದದ್ದಲ್ಲ. ಆದರೂ ಹೆಣಿಗೆಗೆ ಬರುತ್ತದೆ. ಕೊಳ್ಳುವಾಗ ಸರಿಯಾದ ಪ್ರಶ್ನೆ ಕೇಳಬೇಕು, ತಂದ ಮೇಲೆ ತೊಳೆದು ಹುರಿ ಹಾಕುವಷ್ಟು ತಾಳ್ಮೆ ಇರಬೇಕು, ಮೈಗಂಟಿದ ಸ್ವೆಟರ್ ಹಾಕುವ ಆಸೆಯನ್ನು ಮೊದಲೇ ಬಿಡಬೇಕು.

ಆ ಆಸೆಯನ್ನು ಯಾಕೆ ಬಿಡಬೇಕೆಂದು ಮೊದಲು ಹೇಳಿಬಿಡೋಣ. ಮೆತ್ತನೆಯ ಮೆರಿನೊ ಕುರಿಯ ಉಣ್ಣೆಯ ಎಳೆ 24 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತೆಳು. ದಖ್ಖನಿಯದು ಸರಾಸರಿಯಲ್ಲೇ 40 ದಾಟುತ್ತದೆ. ಬಟ್ಟೆಯಲ್ಲಿ 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಗಳು ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ ಸಾಕು, ಅವುಗಳ ತುದಿ ಬಾಗದೆ ಚರ್ಮಕ್ಕೆ ಚುಚ್ಚತೊಡಗುತ್ತದೆ. ಇಲ್ಲಿ ಹೆಚ್ಚಿನ ಎಳೆಗಳೆಲ್ಲ ಆ ಗೆರೆಯ ಆಚೆಯವೇ. ತಲೆಗೂದಲ ಕಂಡೀಷನರ್‌ನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ ಅನ್ನುವವರಿದ್ದಾರೆ. ಮೇಲ್ಮೈ ಸ್ವಲ್ಪ ಜಾರುತ್ತದೆ ಅಷ್ಟೆ, ಎಳೆಯ ದಪ್ಪ ಇಳಿಯುವುದಿಲ್ಲ, ಎರಡು ಒಗೆತಕ್ಕೆ ಆ ಜಾರುವಿಕೆಯೂ ಹೋಗುತ್ತದೆ. ಹಾಗಾಗಿ ಮಫ್ಲರ್, ಮಕ್ಕಳ ಟೋಪಿ, ಕಾಲುಚೀಲ ಬೇಡ. ಅಂಗಿಯ ಮೇಲೆ ಹಾಕುವ ತೋಳಿಲ್ಲದ ಜಾಕೆಟ್, ಅಸ್ತರಿ ಕೊಟ್ಟ ಟೋಪಿ, ಹೆಗಲ ಚೀಲ, ದಿಂಬಿನ ಕವರ್, ನೆಲಹಾಸು, ಗೋಡೆಗೆ ತೂಗುಹಾಕುವ ಕೆಲಸ, ಇವಕ್ಕೆ ಇದರಷ್ಟು ಗಟ್ಟಿ ನೂಲು ಇನ್ನೊಂದಿಲ್ಲ. ಉಜ್ಜಾಟಕ್ಕೆ ಮೆರಿನೊ ಚೀಲ ಗುಂಡುಗಟ್ಟಿ ಸೋಲುವ ಜಾಗದಲ್ಲಿ ಇದು ನಿಲ್ಲುತ್ತದೆ.

ಒರಟಿನಲ್ಲೂ ಒಳಭೇದಗಳಿವೆ. ಮರಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ಉಣ್ಣೆ ಉಳಿದದ್ದಕ್ಕಿಂತ ಮೆತ್ತಗೆ. ಸಿಕ್ಕರೆ ಬೇರೆಯಾಗಿ ಕೇಳಿ ತೆಗೆದುಕೊಳ್ಳಿ, ಕೊರಳಪಟ್ಟಿ, ಅಂಚುಗಳಿಗೆ ಆದೀತು. ಇನ್ನೊಂದು ಕಡೆ, ಮಾಂಸಕ್ಕೆ ಬೆಲೆ ಬಂದು ಉಣ್ಣೆಗೆ ಬೆಲೆ ಬಿದ್ದ ಮೇಲೆ ಹಿಂಡುಗಳಲ್ಲಿ ನೆಲ್ಲೂರು, ಕೆಂಗುರಿಯಂಥ ಕೂದಲ ಕುರಿಗಳ ರಕ್ತ ಸೇರಿದೆ. ಅಂಥ ಹಿಂಡಿನ ಉಣ್ಣೆಯಲ್ಲಿ ಬಿರುಸಾದ, ಸುಣ್ಣದ ಬಿಳುಪಿನ ಸತ್ತ ಕೂದಲು ಹೆಚ್ಚು. ಅದು ಬಣ್ಣ ಹಿಡಿಯುವುದಿಲ್ಲ, ಹೆಣೆದ ಮೇಲೆ ಉದುರುತ್ತಲೇ ಇರುತ್ತದೆ. ನೂಲನ್ನು ಕಪ್ಪು ಬಟ್ಟೆಯ ಮೇಲೆ ಎರಡು ಸಲ ಕೊಡವಿ ನೋಡಿ. ಬಿಳಿ ಮುಳ್ಳಿನಂಥ ತುಂಡುಗಳು ರಾಶಿ ಬಿದ್ದರೆ ಆ ಲಡಿ ಬಿಡಿ.

ಕೊಳ್ಳುವಾಗ ಕೇಳಲೇಬೇಕಾದ ಮೊದಲ ಮಾತು: ಇದು ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ) ನೂಲೋ ಹೊಕ್ಕಿನ (ಅಡ್ಡಕ್ಕೆ ಹಾಯಿಸುವ) ನೂಲೋ? ಹಾಸಿಗೆ ತೆಗೆದ ನೂಲಿನಲ್ಲಿ ಹುರಿ ಬಿಗಿ, ಹೆಣೆದರೆ ತಗಡು. ಹೊಕ್ಕಿನದು ಸಡಿಲ, ನಮಗೆ ಬೇಕಾದದ್ದು ಅದೇ. ಎರಡನೆಯದು ಗಂಜಿ. ಕಂಬಳಿಯ ಹಾಸನ್ನು ಬಯಲಲ್ಲಿ ಎಳೆದು ಕಟ್ಟಿ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ನೇಯ್ಗೆ ಮುಗಿದಾಗ ಉಳಿಯುವ ಹಾಸಿನ ತುಂಡುಗಳನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಬೇಡ ಅನ್ನಿ. ಗಂಜಿ ಪೂರ್ತಿ ಬಿಡಿಸುವುದು ಕಷ್ಟ, ಬಿಡದೆ ಉಳಿದ ಕಡೆ ಬಣ್ಣ ಮಚ್ಚೆಮಚ್ಚೆಯಾಗುತ್ತದೆ, ಹುಳಕ್ಕೂ ಅದೇ ಊಟ.

ಕೈನೂಲು ಅನ್ನುವ ಮಾತನ್ನೂ ಪರೀಕ್ಷಿಸಿಯೇ ನಂಬಿ. ಹಳೆ ಬಟ್ಟೆ ಹಿಂಜಿ ತೆಗೆದ ಮಿಲ್ ನೂಲು, ಅಕ್ರಿಲಿಕ್ ಬೆರೆತ ನೂಲು ಎರಡೂ ಮಾರುಕಟ್ಟೆಯಲ್ಲಿವೆ. ಒಂದು ಅಡಿ ನೂಲಿನ ಹುರಿ ಬಿಚ್ಚಿ ಎಳೆ ನೋಡಿ. ಮಿಲ್ ಸರಕಿನಲ್ಲಿ ದಪ್ಪ ಉದ್ದಕ್ಕೂ ಸಮ, ಎಳೆಗಳು ಚೂರುಚೂರು, ನಡುನಡುವೆ ಕೆಂಪು ನೀಲಿ ಚುಕ್ಕಿ. ಕೈನೂಲಿನಲ್ಲಿ ಒಂದು ಗೇಣು ತೆಳು, ಮುಂದಿನ ಗೇಣು ದಪ್ಪ. ತುಂಡು ಸುಟ್ಟು ನೋಡುವುದು ಹಳೆಯ ಉಪಾಯವಾದರೂ ಒಳ್ಳೆಯದು: ಉಣ್ಣೆ ಸುಟ್ಟ ಕೂದಲ ವಾಸನೆ ಕೊಟ್ಟು ತಾನೇ ಆರಿ ಬೂದಿಯಾಗುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ಬಹುಪಾಲು ಉಂಡೆಗಳಿಗೂ ಈ ಪರೀಕ್ಷೆ ಮಾಡಿ ನೋಡಿ, ಹೆಚ್ಚಿನವು ಮಣಿಯೇ ಆಗುತ್ತವೆ. ಕಪ್ಪು ನೂಲಾದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿ. ಕುರಿಯ ಸ್ವಂತ ಕಪ್ಪು ಬಟ್ಟೆಗೆ ಹತ್ತುವುದಿಲ್ಲ, ಹತ್ತುವುದು ಮಣ್ಣು ಮಾತ್ರ. ಕಪ್ಪು ಕಲೆಯೇ ಬಂದರೆ ಅದು ಮೇಲಿಂದ ಹಾಕಿದ ಬಣ್ಣ.

ತಂದ ನೂಲನ್ನು ಹಾಗೇ ಹೆಣೆಯಬಾರದು. ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿದರೆ ಆ ಜಾಗಕ್ಕೆ ಬಣ್ಣ ಇಳಿಯದೆ ಪಟ್ಟಿ ಉಳಿಯುತ್ತದೆ. 100 ಗ್ರಾಂ ನೂಲಿಗೆ 3 ಲೀಟರ್‌ನಂತೆ ಕೈಗೆ ಹಿತವಾದ, ಸುಮಾರು 40 ಡಿಗ್ರಿಯ ನೀರು, ಅದಕ್ಕೆ ಅಂಟುವಾಳ ನೆನೆಸಿ ಹಿಂಡಿದ ನೊರೆ. ಅರ್ಧ ಗಂಟೆ ಮುಳುಗಿಸಿ ಇಡಿ, ಉಜ್ಜಬೇಡಿ. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಬದಲಿಸಿ, ಪ್ರತಿ ಸಲವೂ ಅದೇ ಬಿಸಿ ಇರಲಿ. ಬಿಸಿಯಿಂದ ತಟ್ಟನೆ ತಣ್ಣೀರಿಗೆ ಹಾಕಿ ಕುಲುಕಿದರೆ ಒರಟು ಉಣ್ಣೆಯೂ ಅಂಟಿಕೊಂಡು ಹೆಪ್ಪಾಗುತ್ತದೆ. ತೊಳೆದ ಮೇಲೆ ತೂಕ ಇಳಿಯುತ್ತದೆ, ಅದಕ್ಕೆ ಲೆಕ್ಕ ಹಾಕುವಾಗಲೇ 100 ಗ್ರಾಂ ಹೆಚ್ಚು ಹಿಡಿಯಿರಿ. ಒಣಗಿದ ನೂಲನ್ನು ಉಂಡೆ ಸುತ್ತುವಾಗ ಬೆರಳ ನಡುವೆ ನಿಧಾನವಾಗಿ ಹಾಯಿಸಿದರೆ ಹಿಂಜುವಾಗ ತಪ್ಪಿಸಿಕೊಂಡ ಉತ್ತರಾಣಿ ಬೀಜ, ನೆಗ್ಗಿಲ ಮುಳ್ಳಿನ ಚೂರು ಸಿಗುತ್ತವೆ. ಉತ್ತರಾಣಿಯನ್ನು ನೂಲಿನ ಉದ್ದಕ್ಕೆ ಜಾರಿಸಿ ತೆಗೆಯಬೇಕು, ಅಡ್ಡ ಎಳೆದರೆ ಹುರಿ ಬಿಚ್ಚಿ ನೂಲು ಅಲ್ಲೇ ಹರಿಯುತ್ತದೆ.

ಇನ್ನು ಹುರಿ. ಒಂಟಿ ಎಳೆಯನ್ನು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಚೌಕ ಬರಬೇಕಾದಲ್ಲಿ ಓರೆಯಾದ ತುಂಡು ಬರುತ್ತದೆ. ತಪ್ಪು ಕೈಯದಲ್ಲ. ನೂಲಿನಲ್ಲಿ ಒಂದೇ ದಿಕ್ಕಿಗೆ ಕೂತ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಪ್ರತಿ ಕುಣಿಕೆಯನ್ನೂ ಅದೇ ಕಡೆಗೆ ತಿರುಗಿಸುತ್ತದೆ. ಇಸ್ತ್ರಿ ಹಾಕಿ ಎಳೆದು ಚೌಕ ಮಾಡಿದರೂ ಮುಂದಿನ ಒಗೆತಕ್ಕೆ ಓರೆಗೇ ಮರಳುತ್ತದೆ. ದಾರಿ ಎರಡು. ಎಲ್ಲ ಸಾಲೂ ಸೀದಾ ಹೆಣೆಯುವುದು ಅಥವಾ ಒಂದು ಸೀದಾ ಒಂದು ಉಲ್ಟಾ ಕುಣಿಕೆಯನ್ನು ಸಾಲುಸಾಲಿಗೆ ಅದಲುಬದಲು ಮಾಡಿ ಕಾಳುಕಾಳಾದ ವಿನ್ಯಾಸ ತೆಗೆಯುವುದು. ಇವುಗಳಲ್ಲಿ ಎಳೆತ ಎರಡೂ ಕಡೆ ಸಮವಾಗುತ್ತದೆ. ಅದಕ್ಕಿಂತ ಒಳ್ಳೆಯದು ಎರಡು ಎಳೆ ಸೇರಿಸಿ ಉಲ್ಟಾ ದಿಕ್ಕಿಗೆ ಹುರಿ ಹಾಕಿಕೊಳ್ಳುವುದು. ನೂಲನ್ನು ನೆಟ್ಟಗೆ ಹಿಡಿದು ನೋಡಿ: ಎಳೆಗಳು ಬಲಕ್ಕೆ ಏರಿದಂತೆ ಕಂಡರೆ ಹುರಿಯ ಗೆರೆ ಎಡಕ್ಕೆ ಏರುವಂತೆ ತಿರುಗಿಸಬೇಕು. ರಾಟೆ ಇಲ್ಲದಿದ್ದರೆ ಕೈಕದಿರು ಸಾಕು. ಹುರಿ ಹಾಕಿದ ನೂಲಿನ ಒಂದು ಮೊಳವನ್ನು ಕುಣಿಕೆಯಾಗಿ ಇಳಿಬಿಡಿ, ಸುತ್ತಿಕೊಳ್ಳದೆ ತೆರೆದೇ ನಿಂತರೆ ಸರಿಯಾಗಿದೆ. ತೆಳು ಜಾಗಗಳು ಹರಿಯುವ ಕಾಟವೂ ಇದರಿಂದ ಮುಕ್ಕಾಲು ಪಾಲು ತಪ್ಪುತ್ತದೆ, ಒಂದರ ತೆಳುವಿಗೆ ಇನ್ನೊಂದರ ದಪ್ಪ ಒದಗುತ್ತದೆ.

ಅಳತೆಗೆ ನೂಲನ್ನು ಸ್ಕೇಲಿಗೆ ಬಿಗಿಯದೆ ಸುತ್ತಿ. ಎರಡೆಳೆ ಹುರಿ ಇಂಚಿಗೆ 8–9 ಸುತ್ತು ಬಂದರೆ 5ರಿಂದ 5.5 ಮಿಲಿಮೀಟರ್ ಕಡ್ಡಿ, 11–12 ಬಂದರೆ 4 ಮಿಲಿಮೀಟರ್. ಬಿದಿರು ಕಡ್ಡಿಗಿಂತ ಲೋಹದ್ದೇ ವಾಸಿ, ಒರಟು ನೂಲು ಬಿದಿರಿನ ಮೇಲೆ ತಡೆಯುತ್ತದೆ. ಮಾದರಿ ತುಂಡು 15 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದು ಬೇಡ. ಅದನ್ನು ತೊಳೆದು, ಕೆಳ ಅಂಚಿಗೆ ನಾಲ್ಕು ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ತೂಗುಹಾಕಿ ಆಮೇಲೆ ಅಳೆಯಿರಿ. ಈ ಉಣ್ಣೆಯಲ್ಲಿ ಗುಂಗುರು ಕಮ್ಮಿ, ಎಳೆದರೆ ಹಿಂದಕ್ಕೆ ಬರುವ ಗುಣವೂ ಕಮ್ಮಿ. ಜಾಕೆಟ್ ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ, ಸೊಂಟದ ಪಟ್ಟಿಗೆ ಹಾಕಿದ ಮಾಮೂಲಿ ರಿಬ್ ವಾರದಲ್ಲಿ ಜೋತುಬೀಳುತ್ತದೆ. ಅಂಚಿಗೆ ಎರಡು ನಂಬರ್ ಚಿಕ್ಕ ಕಡ್ಡಿ ಹಿಡಿದು ಎಲ್ಲ ಸಾಲೂ ಸೀದಾ ಹೆಣೆಯಿರಿ. ಮಧ್ಯಮ ಅಳತೆಯ ತೋಳಿಲ್ಲದ ಜಾಕೆಟ್‌ಗೆ ತೊಳೆದ ನೂಲು 500ರಿಂದ 600 ಗ್ರಾಂ ಇಟ್ಟುಕೊಳ್ಳಿ.

ಬಣ್ಣಕ್ಕೆ ಬಂದರೆ ಈ ಸರಕು ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಕಪ್ಪು, ಬಿಸಿಲಿಗೆ ತುದಿ ಸುಟ್ಟ ಕಂದುಗಪ್ಪು, ಬೂದಿ, ಅಲ್ಲಲ್ಲಿ ಮಚ್ಚೆಯ ಕುರಿಗಳಿಂದ ಬರುವ ಕೆನೆಬಿಳಿ: ಬಣ್ಣದ ಪಾತ್ರೆ ಒಲೆಗೇರುವ ಮೊದಲೇ ನಾಲ್ಕು ಛಾಯೆ ಕೈಯಲ್ಲಿವೆ. ಬಿಳಿ ಸಿಗುವುದು ಕಮ್ಮಿ, ಹಾಗಾಗಿ ಅದನ್ನು ಹಳದಿ ಕೆಂಪುಗಳಿಗೆ ಮೀಸಲಿಡಿ. ವಿದ್ಯಾರ್ಥಿಗಳು ಬೂದಿ ಬಣ್ಣದ ನೂಲನ್ನು ಬದಿಗಿಡುವುದೇ ಹೆಚ್ಚು. ನಮ್ಮ ಮಟ್ಟಿಗೆ ಅದೇ ಇದರಲ್ಲಿನ ಚಿನ್ನ. ಬೂದಿಯ ಮೇಲೆ ದಾಳಿಂಬೆ ಸಿಪ್ಪೆಯ ಹಳದಿ ಪಾಚಿ ಬಣ್ಣವಾಗುತ್ತದೆ, ಮಂಜಿಷ್ಠದ ಬೇರಿನ ಬಣ್ಣ ಹಳೇ ಇಟ್ಟಿಗೆಯ ಕೆಂಪಾಗುತ್ತದೆ, ನೀಲಿ (ಇಂಡಿಗೊ) ಮಸಿಯ ಆಳಕ್ಕೆ ಇಳಿಯುತ್ತದೆ. ಹಲವು ಎಳೆಗಳ ಒಳಗೆ ಟೊಳ್ಳು ಇರುವುದರಿಂದ ಒಂದೇ ಪಾತ್ರೆಯಲ್ಲಿ ಕೆಲವು ಗಾಢವಾಗಿ, ಕೆಲವು ತಿಳಿಯಾಗಿ ಕಾಣುತ್ತವೆ. ಸಮ ಬಣ್ಣವೇ ಬೇಕೆನ್ನುವವರಿಗೆ ಇದು ದೋಷ. ಆದರೆ ದೂರದಿಂದ ಒಂದು ಬಣ್ಣ, ಹತ್ತಿರದಿಂದ ನಾಲ್ಕು ಬಣ್ಣ ಕಾಣುವ ಈ ಗುಣವನ್ನು ಮಿಲ್‌ಗಳು ಬೇಕೆಂದೇ ಬೆರೆಸಿ ತಯಾರಿಸುತ್ತವೆ.

ಬಣ್ಣ ನೂಲಿಗೆ ಕಚ್ಚಿಕೊಳ್ಳಲು ಮೊದಲು ಪಟಿಕದ ನೀರು ಬೇಕು. ಅಳತೆ ಒಣ ನೂಲಿನ ತೂಕದ ಮೇಲೆ: 100 ಗ್ರಾಂಗೆ ಪಟಿಕ 12 ಗ್ರಾಂ, ಕ್ರೀಮ್ ಆಫ್ ಟಾರ್ಟರ್ 6 ಗ್ರಾಂ. ಒದ್ದೆ ಮಾಡಿದ ನೂಲು ಹಾಕಿ ನಿಧಾನವಾಗಿ 85 ಡಿಗ್ರಿಗೆ ಏರಿಸಿ ಒಂದು ಗಂಟೆ ಇಟ್ಟು, ಅದೇ ನೀರಲ್ಲಿ ರಾತ್ರಿ ತಣಿಯಲು ಬಿಡಿ. ಪಟಿಕ ಇನ್ನೂ ಹೆಚ್ಚಿದರೆ ಬಣ್ಣ ಹೆಚ್ಚುವುದಿಲ್ಲ, ನೂಲು ಜಿಗುಟಾಗುತ್ತದೆ. ಮಂಜಿಷ್ಠದ ಪುಡಿ ನೂಲಿನಷ್ಟೇ ತೂಕ, ಬಿಸಿ 70 ಡಿಗ್ರಿಯ ಆಸುಪಾಸು. ಕುದಿಸಿದರೆ ಕೆಂಪು ಹೋಗಿ ಕಂದು ಉಳಿಯುತ್ತದೆ. ನೀರಿನ ಗುಣ ಇಲ್ಲಿ ದೊಡ್ಡ ಮಾತು. ಬಯಲುಸೀಮೆಯ ಸುಣ್ಣದಂಶದ ಬೋರ್‌ವೆಲ್ ನೀರು ಮಂಜಿಷ್ಠಕ್ಕೆ ಒಗ್ಗುತ್ತದೆ, ಅರಗಿನಿಂದ ತೆಗೆದ ಕೆಂಪು ಬಣ್ಣವನ್ನು ಮಂಕು ನೇರಳೆ ಮಾಡುತ್ತದೆ. ಅರಗಿಗೆ ಮಳೆನೀರು ಅಥವಾ ಫಿಲ್ಟರ್ ನೀರು, ಜೊತೆಗೆ ಸ್ವಲ್ಪ ಹುಳಿ. ಅನ್ನಭೇದಿಯಿಂದ (ಕಬ್ಬಿಣದ ಲವಣ) ಬಣ್ಣ ತಗ್ಗಿಸುವುದಿದ್ದರೆ 100 ಗ್ರಾಂಗೆ 2 ಗ್ರಾಂ ಮೀರಬೇಡಿ, ಉಣ್ಣೆ ಪೆಡಸಾಗಿ ಮುರಿಯುತ್ತದೆ. ನೀಲಿ ತೊಟ್ಟಿಯ ಕ್ಷಾರವೂ ಅಷ್ಟೇ ಕ್ರೂರ: ಹತ್ತಿಗೆ ಕಟ್ಟಿದ ಹೆಚ್ಚು ಕ್ಷಾರದ ತೊಟ್ಟಿಗೆ ಉಣ್ಣೆ ಅದ್ದಬೇಡಿ, ಕ್ಷಾರದ ಅಳತೆಯಾದ ಪಿಎಚ್ ಅನ್ನು 9ರ ಹತ್ತಿರ ಇಳಿಸಿ ಅದ್ದಿ, ಗಾಳಿಗೆ ಹಿಡಿದು ನೀಲಿ ಕೂತ ಮೇಲೆ ವಿನೆಗರ್ ಹಾಕಿದ ನೀರಲ್ಲಿ ಜಾಲಾಡಿ. ಅರಿಶಿನ ಮೊದಲ ದಿನ ಕಣ್ಣು ಕೋರೈಸುತ್ತದೆ, ಕಿಟಕಿ ಬೆಳಕಿಗೇ ಮಾಸುತ್ತದೆ. ಪ್ರದರ್ಶನಕ್ಕೆ ಇಡುವ ಕೆಲಸಕ್ಕೆ ಬೇಡವೇ ಬೇಡ. ಪ್ರತಿ ಛಾಯೆಯ ತುಂಡನ್ನು ರಟ್ಟಿಗೆ ಸುತ್ತಿ ಅರ್ಧ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಇಟ್ಟರೆ ಯಾವುದು ನಿಲ್ಲುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಎರಡು ಬಣ್ಣದ ವಿನ್ಯಾಸ ಹಾಕುವ ಮುನ್ನ ಎರಡೂ ಉಂಡೆ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡೂ ಒಂದೇ ಬೂದಿಯಾಗಿ ಕಂಡರೆ ವಿನ್ಯಾಸವೂ ಕಾಣುವುದಿಲ್ಲ. ಕರಿ ನೆಲದ ಮೇಲೆ ಬೂದಿಗೆ ಹಾಕಿದ ನೀಲಿ ಪೂರ್ತಿ ಮುಳುಗುತ್ತದೆ, ಬಿಳಿಗೆ ಹಾಕಿದ ಹಳದಿ ಎದ್ದು ನಿಲ್ಲುತ್ತದೆ. ಹೆಣಿಗೆಗೆ ಸೇರದೆ ಹಿಂಬದಿಯಲ್ಲಿ ಸಾಗುವ ಇನ್ನೊಂದು ಬಣ್ಣದ ಎಳೆ ಐದು ಕುಣಿಕೆಗಿಂತ ಉದ್ದ ಓಡದಿರಲಿ.

ಮೆತ್ತನೆಯದೇ ಬೇಕೆಂದರೆ ರಾಜಸ್ಥಾನದ ಚೋಕ್ಲಾ ತಳಿಯ ಕುರಿಯ ಉಣ್ಣೆ ತರಿಸಿ ಹಿಂಜುವಾಗಲೇ ಬೆರೆಸಬಹುದು. ಆದರೆ ಆಗ ಅದು ಸ್ಥಳೀಯ ಉಣ್ಣೆಯ ಪ್ರಾಜೆಕ್ಟ್ ಅಲ್ಲ, ವರದಿಯಲ್ಲಿ ಹಾಗೆಂದೇ ಬರೆಯಿರಿ.

ಕೊನೆಗೊಂದು ವ್ಯವಹಾರದ ಮಾತು. ಕುರಿಗೆ ಕತ್ತರಿ ಹಾಕುವುದು ವರ್ಷಕ್ಕೆ ಎರಡು ಸಲ. ಸೆಮಿಸ್ಟರ್ ಶುರುವಾದ ಮೇಲೆ ಓಡಿದರೆ ಮನೆಯಲ್ಲಿ ಉಳಿದದ್ದನ್ನು ತರಬೇಕಾಗುತ್ತದೆ, ಒಂದು ಲಡಿಯ ಕಪ್ಪು ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲೇ ಹೋಗಿ ಒಂದು ಮೀಟರ್ ಮಾದರಿ ನೂಲು ಕೊಟ್ಟು, ಸಡಿಲ ಹುರಿ, ಇಂತಿಷ್ಟು ದಪ್ಪ, ಕಪ್ಪು ಬೇರೆ ಬೂದಿ ಬೇರೆ ಎಂದು ನೂಲುವ ಹೆಂಗಸರಿಗೇ ಹೇಳಿ ಬನ್ನಿ. ಬಣ್ಣ ಬೇರ್ಪಡಿಸುವುದು, ಮುಳ್ಳು ಆರಿಸುವುದು, ಸಮವಾಗಿ ಎಳೆಯುವುದು ಮಗ್ಗದ ನೂಲಿಗಿಂತ ನಿಧಾನದ ಕೆಲಸ. ಕಂಬಳಿ ನೂಲಿನ ದರಕ್ಕೇ ಅದನ್ನು ಕೇಳಿದರೆ ಕಂಬಳಿ ನೂಲೇ ಬರುತ್ತದೆ. ಕಿಲೋ ಲೆಕ್ಕ ಬಿಟ್ಟು ದಿನಗೂಲಿಯ ಲೆಕ್ಕದಲ್ಲಿ ಮಾತಾಡಿ, ಅರ್ಧ ಮುಂಗಡ ಕೊಡಿ. ಮನೆಗೆ ತಂದ ಲಡಿಗಳನ್ನು ತೊಳೆಯುವವರೆಗೆ ಬೇರೆ ಉಣ್ಣೆಯ ಜೊತೆ ಸೇರಿಸಬೇಡಿ. ಬೇವಿನ ಸೊಪ್ಪು ನುಸಿಯ ಮೊಟ್ಟೆಗೆ ನಾಟುವುದಿಲ್ಲ. ಗಾಳಿಯಾಡದ ಕವರ್‌ನಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆಯಿರಿ.